ಶೆಲ್ಟರ್‌ನಿಂದ ನಾಯಿ ದತ್ತು ಪಡೆಯುವುದು ಹೇಗೆ? ಮೊದಲ ವಿಚಾರಣೆಯಿಂದ ಮೊದಲ ಮೂರು ತಿಂಗಳವರೆಗೆ

ಶೆಲ್ಟರ್‌ಗೆ ಬರುವವರಲ್ಲಿ ಹೆಚ್ಚಿನವರು ಕೇಳುವುದು ಮರಿಯನ್ನೇ. ಎರಡು ತಿಂಗಳ ಮರಿ ಬೇಗ ಮನೆ ಸೇರುತ್ತದೆ. ಮೂರು ವರ್ಷದ, ಸಮಾಧಾನದ ನಾಯಿ ಅಲ್ಲೇ ಉಳಿಯುತ್ತದೆ. ಆದರೆ ಮೊದಲ ಸಲ ನಾಯಿ ಸಾಕುವವರಿಗೆ, ಅದರಲ್ಲೂ ಕೆಲಸಕ್ಕೆ ಹೋಗುವವರಿಗೆ, ನಾನು ಹೇಳುವುದು ಆ ಮೂರು ವರ್ಷದ ನಾಯಿಯನ್ನೇ ನೋಡಿ ಅಂತ. ಅದರ ಗಾತ್ರ ಎಷ್ಟು, ಸ್ವಭಾವ ಏನು, ಮಕ್ಕಳನ್ನು ಕಂಡರೆ ಹೇಗಿರುತ್ತದೆ ಅನ್ನುವುದೆಲ್ಲ ಆಗಲೇ ಗೊತ್ತಾಗಿರುತ್ತದೆ. ಮರಿಯಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ. ಮೇಲಿಂದ ಎರಡು ಮೂರು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕು, ಚಪ್ಪಲಿ, ಸೋಫಾ, ವೈರು ಎಲ್ಲವನ್ನೂ ಅದರ ಹಲ್ಲಿನಿಂದ ಕಾಪಾಡಬೇಕು.

ಬೆಂಗಳೂರು ಮತ್ತು ಕರ್ನಾಟಕದ ಬೇರೆ ಊರುಗಳಲ್ಲಿ ದತ್ತು ಹೇಗೆ ನಡೆಯುತ್ತದೆ, ಯಾವ ಹಂತದಲ್ಲಿ ಏನು ನೋಡಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತೇನೆ.

1. ಮೊದಲು ಮನೆಯವರ ಜೊತೆ ಕೂತು ಮಾತಾಡಿ

ನಾಟಿ ನಾಯಿ ಚೆನ್ನಾಗಿ ನೋಡಿಕೊಂಡರೆ 12ರಿಂದ 15 ವರ್ಷ ಬದುಕುತ್ತದೆ. ಈಗ ಒಂದನೇ ಕ್ಲಾಸಿನಲ್ಲಿರುವ ನಿಮ್ಮ ಮಗು ಕಾಲೇಜು ಮುಗಿಸುವವರೆಗೂ ಅದು ಮನೆಯಲ್ಲಿರುತ್ತದೆ. ಹಾಗಾಗಿ ಒಬ್ಬರ ಆಸೆಗೆ ತರುವ ಕೆಲಸ ಇದಲ್ಲ.

ಬೆಳಗ್ಗೆ ಆರಕ್ಕೆ ಎದ್ದು ವಾಕ್ ಕರೆದೊಯ್ಯುವವರು ಯಾರು? ಮಳೆಗಾಲದಲ್ಲಿ? ಯುಗಾದಿಗೆ, ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಯಾರ ಹತ್ತಿರ ಬಿಡುತ್ತೀರಿ? ಅಜ್ಜಿಗೆ ದೇವರ ಮನೆ, ಅಡುಗೆ ಮನೆಯೊಳಗೆ ನಾಯಿ ಬರುವುದು ಇಷ್ಟವಿಲ್ಲ ಅಂದರೆ ಅದನ್ನೂ ಮೊದಲೇ ಮಾತಾಡಿಕೊಳ್ಳಿ. ಬಾಗಿಲಿಗೊಂದು ಸಣ್ಣ ಗೇಟು ಹಾಕಿದರೆ ಮುಗಿಯುವ ವಿಷಯ ಅದು. ಮಾತಾಡದೇ ಬಿಟ್ಟರೆ ಮಾತ್ರ ದಿನಾ ಜಗಳ, ಕೊನೆಗೆ ನಾಯಿ ವಾಪಸ್.

ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ, ವಾಟ್ಸಾಪ್ ಮೆಸೇಜ್ ಆದರೂ ಸರಿ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ವಿಷಯ ಬೇರೆ. ಸಾಕು ನಾಯಿಗಳನ್ನು ಅಸೋಸಿಯೇಷನ್‌ಗಳು ಪೂರ್ತಿಯಾಗಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೂ ನಾಯಿ ತರುವ ಮೊದಲೇ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಡಿ. ಮೊದಲ ವಾರ ಅದು ರಾತ್ರಿ ಊಳಿಟ್ಟರೆ ಅವರು ಸಹಿಸಿಕೊಳ್ಳುವುದು ಆ ಒಂದು ಮಾತಿನಿಂದಲೇ.

ಖರ್ಚಿನ ಲೆಕ್ಕದಲ್ಲಿ ಊಟ, ಲಸಿಕೆ, ಉಣ್ಣೆ (ಟಿಕ್) ಹುಳುವಿನ ಔಷಧಿ ಎಲ್ಲರಿಗೂ ನೆನಪಿರುತ್ತದೆ. ಹುಷಾರು ತಪ್ಪಿದಾಗಿನ ಖರ್ಚು ನೆನಪಿರುವುದಿಲ್ಲ. ರಕ್ತ ಪರೀಕ್ಷೆ, ಡ್ರಿಪ್, ಎಕ್ಸ್‌ರೇ ಅಂತ ಬಿಲ್ಲು ಬೇಗ ಏರುತ್ತದೆ. ಅದಕ್ಕೆಂದೇ ಹತ್ತು ಹದಿನೈದು ಸಾವಿರ ಬದಿಗಿಟ್ಟಿರಿ.

2. ಎಲ್ಲಿ ಹುಡುಕಬೇಕು

ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾ ಹಳೆಯ ಪ್ರಾಣಿ ರಕ್ಷಣಾ ಸಂಸ್ಥೆ. ಮೂರು ಕಾಲಿನ ನಾಟಿ ನಾಯಿ ಚಾರ್ಲಿಯ ಹೆಸರಿನಲ್ಲಿ ಶುರುವಾದ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇನ್ನೊಂದು. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ, ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಇದೆ. ಇವಲ್ಲದೆ ತಮ್ಮ ಮನೆಯಲ್ಲೇ ಎರಡು ಮೂರು ನಾಯಿಗಳನ್ನು ತಾತ್ಕಾಲಿಕವಾಗಿ ಸಾಕುತ್ತಾ ಮನೆ ಹುಡುಕುವವರು ಎಲ್ಲಾ ಊರಲ್ಲೂ ಇದ್ದಾರೆ. ಇವರಿಂದ ಸಿಗುವ ನಾಯಿಗೆ ಒಂದು ಅನುಕೂಲವಿದೆ. ಅದಕ್ಕೆ ಫ್ಯಾನು, ಮಿಕ್ಸಿ, ಮಹಡಿ ಮೆಟ್ಟಿಲು, ಟಿವಿ ಶಬ್ದ ಎಲ್ಲಾ ಅಭ್ಯಾಸವಾಗಿರುತ್ತದೆ.

ನಿಮ್ಮ ಬೀದಿಯ ನಾಯಿಯನ್ನೇ ಸಾಕುವ ಮನಸ್ಸಿದ್ದರೆ ಅದಕ್ಕೂ ದಾರಿಯಿದೆ. ಬೀದಿ ನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶದ ಪ್ರಕಾರ, ಬೀದಿ ನಾಯಿಯನ್ನು ದತ್ತು ಪಡೆಯಬಯಸುವವರು ಸ್ಥಳೀಯ ಪಾಲಿಕೆಗೆ ಅರ್ಜಿ ಕೊಡಬಹುದು. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳುವುದು ದತ್ತು ಪಡೆದವರ ಹೊಣೆ.

ಆನ್‌ಲೈನ್‌ನಲ್ಲಿ ಹುಡುಕುವಾಗ ಹುಷಾರಾಗಿರಿ. ‘ಫ್ರೀ ಅಡಾಪ್ಷನ್, ಗೋಲ್ಡನ್ ರಿಟ್ರೀವರ್ ಮರಿ, ಸಾಗಣೆ ಖರ್ಚು ಮಾತ್ರ ಕಳಿಸಿ’ ಅನ್ನುವ ಪೋಸ್ಟ್ ಕಂಡರೆ ದುಡ್ಡು ಹಾಕಬೇಡಿ. ನಾಯಿಯನ್ನು ಕಣ್ಣಾರೆ ನೋಡುವ ಮೊದಲು ದುಡ್ಡು ಕೇಳುವವರ ಸಹವಾಸವೇ ಬೇಡ. ಒಳ್ಳೆಯ ಶೆಲ್ಟರ್‌ನವರು ದುಡ್ಡಿಗಿಂತ ಪ್ರಶ್ನೆಗಳನ್ನೇ ಜಾಸ್ತಿ ಕೇಳುತ್ತಾರೆ.

3. ನಾಟಿ ನಾಯಿಯೋ, ತಳಿ ನಾಯಿಯೋ

ಶೆಲ್ಟರ್‌ಗಳಲ್ಲಿ ಎರಡೂ ಇರುತ್ತವೆ. ನಾಟಿ ನಾಯಿಯ ಕೂದಲು ಗಿಡ್ಡ, ಮೈ ಹಗುರ, ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. ಬುದ್ಧಿ ಚುರುಕು, ಕಿವಿ ಇನ್ನೂ ಚುರುಕು. ಕಾವಲಿನ ಸ್ವಭಾವ ಜಾಸ್ತಿ, ಹಾಗಾಗಿ ಬೊಗಳುತ್ತದೆ.

ತಳಿ ನಾಯಿಗಳು ಅಲ್ಲಿಗೆ ಬರುವುದು ಜನ ಬಿಟ್ಟುಹೋದ ಕಾರಣಕ್ಕೆ. ಲ್ಯಾಬ್ರಡಾರ್, ಪಗ್, ಶಿಟ್ಜು, ಹಸ್ಕಿ ಎಲ್ಲವೂ ಇರುತ್ತವೆ. ಮರಿ ಹಾಕಿಸಿ ಹಾಕಿಸಿ, ಇನ್ನು ಲಾಭವಿಲ್ಲ ಅಂತ ಬಿಟ್ಟ ಹೆಣ್ಣು ನಾಯಿಗಳೂ ಇರುತ್ತವೆ. ಇವನ್ನು ತರಲೇಬಾರದು ಅಂತಿಲ್ಲ. ಆದರೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗೆ ಸೊಂಟದ ಕೀಲಿನ ತೊಂದರೆ ಬರಬಹುದು. ಚಪ್ಪಟೆ ಮೂತಿಯ ಪಗ್‌ಗೆ ಬಿಸಿಲಲ್ಲಿ ಉಸಿರಾಟ ಕಷ್ಟ. ಹಸ್ಕಿಯ ಮೈಮೇಲಿರುವುದು ಸೈಬೀರಿಯಾದ ಚಳಿಗೆಂದು ಬೆಳೆದ ಕೂದಲು, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದನ್ನು ಸಾಕುವುದು ನನಗೆ ಸರಿ ಅನಿಸುವುದಿಲ್ಲ. ಯಾವ ತಳಿಯೇ ಆಗಲಿ, ಮೊದಲಿನವರು ಏಕೆ ಬಿಟ್ಟರು ಅಂತ ಕೇಳಿ ತಿಳಿದುಕೊಳ್ಳಿ.

4. ನಾಯಿ ನೋಡುವ ದಿನ

ಇಡೀ ಕೆಲಸದಲ್ಲಿ ತುಂಬಾ ಮುಖ್ಯವಾದ ದಿನ ಇದು. ಜನ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ.

ಶೆಲ್ಟರ್ ಒಳಗೆ ಕಾಲಿಟ್ಟ ಕೂಡಲೇ ಎಲ್ಲಾ ನಾಯಿಗಳೂ ಒಟ್ಟಿಗೆ ಬೊಗಳುತ್ತವೆ. ಆ ಗಲಾಟೆಯಲ್ಲಿ ಯಾವ ನಾಯಿಯ ನಿಜವಾದ ಸ್ವಭಾವವೂ ತಿಳಿಯುವುದಿಲ್ಲ. ಜಾಲರಿಗೆ ಹಾರಿ ಕಿರುಚುವ ನಾಯಿ ಹೊರಗೆ ಬಂದರೆ ತೊಡೆಗೆ ಒರಗಿ ಕೂರಬಹುದು. ಮೂಲೆಯಲ್ಲಿ ಸುಮ್ಮನೆ ಮಲಗಿರುವುದು ‘ಪಾಪ, ಸಾಧು’ ಅನಿಸಬಹುದು, ನಿಜಕ್ಕೂ ಅದು ಹೆದರಿ ಮರಗಟ್ಟಿ ಹೋಗಿರಬಹುದು. ಹಾಗಾಗಿ ನಿಮಗೆ ಇಷ್ಟವಾದ ನಾಯಿಯನ್ನು ಹೊರಗೆ, ಸ್ವಲ್ಪ ನಿಶ್ಶಬ್ದವಾದ ಜಾಗಕ್ಕೆ ಕರೆತರಲು ಕೇಳಿ.

ಅದು ಬಂದಾಗ ನೀವು ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಕೈ ಚಾಚಿ ತಲೆ ಮುಟ್ಟಬೇಡಿ. ಮೂಸಿ ನೋಡಲು ಬಿಡಿ. ಮೈಯೆಲ್ಲ ಸಡಿಲವಾಗಿ, ಬಾಲದ ಜೊತೆ ಸೊಂಟವೂ ಅಲ್ಲಾಡುತ್ತಾ ಬಂದರೆ ಅದು ಖುಷಿಯಾಗಿದೆ. ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಇಲ್ಲದಿದ್ದರೂ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು ಇವೆಲ್ಲ ಕಸಿವಿಸಿಯ ಗುರುತು. ಮೈ ಬಿಗಿಯಾಗಿ, ಬಾಯಿ ಮುಚ್ಚಿ, ಅಲ್ಲಾಡದೆ ನಿಂತರೆ ನೀವು ನಿಧಾನವಾಗಿ ದೂರ ಸರಿಯಿರಿ. ಹೆದರಿದ ನಾಯಿಯನ್ನು ತರಬಾರದು ಅಂತಲ್ಲ. ಅದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಅಷ್ಟು ತಾಳ್ಮೆ ಮನೆಯಲ್ಲಿ ಇದೆಯಾ ಅಂತ ಯೋಚಿಸಿ.

ನಾಯಿಯ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ದಿನಾ ಊಟ ಹಾಕಿ, ಕೋಣೆ ತೊಳೆಯುವ ಕೆಲಸದವರಿಗೆ. ಅಣ್ಣ, ಅಕ್ಕ ಅಂತ ಮಾತಾಡಿಸಿ ಅವರನ್ನೇ ಕೇಳಿ. ತಿನ್ನುವಾಗ ಹತ್ತಿರ ಹೋದರೆ ಗುರ್ ಅನ್ನುತ್ತದಾ? ಬೇರೆ ನಾಯಿಗಳ ಜೊತೆ ಇರುತ್ತದಾ? ಹೆಲ್ಮೆಟ್ ಹಾಕಿದವರು, ಕೋಲು ಹಿಡಿದವರನ್ನು ಕಂಡರೆ ಏನು ಮಾಡುತ್ತದೆ? ಬೈಕ್ ಹಿಂದೆ ಓಡುತ್ತದಾ? ಯಾವತ್ತಾದರೂ ಯಾರಿಗಾದರೂ ಕಚ್ಚಿದೆಯಾ, ಯಾವ ಸಂದರ್ಭದಲ್ಲಿ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಿಂದ ಶೆಲ್ಟರ್ ಎಷ್ಟು ಪ್ರಾಮಾಣಿಕ ಅನ್ನುವುದೂ ತಿಳಿಯುತ್ತದೆ.

ಬೆಲ್ಟು ಹಿಡಿದು ನೀವೇ ಸ್ವಲ್ಪ ದೂರ ನಡೆಸಿ ನೋಡಿ. ಅವತ್ತೇ ಮನೆಗೆ ಕರೆದೊಯ್ಯಬೇಡಿ. ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ, ಮಕ್ಕಳು ಮತ್ತು ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ.

5. ಆರೋಗ್ಯದ ದಾಖಲೆ

ಲಸಿಕೆ ಪುಸ್ತಕ ಕೇಳಿ, ತಾರೀಕು ನೋಡಿ. ರೇಬೀಸ್ ಲಸಿಕೆ ಆಗಿರಬೇಕು. ಪಾರ್ವೊ, ಡಿಸ್ಟೆಂಪರ್ ಮುಂತಾದ ವೈರಸ್ ಕಾಯಿಲೆಗಳಿಗೆ ಒಟ್ಟಿಗೆ ಕೊಡುವ ಲಸಿಕೆಯೂ ಆಗಿರಬೇಕು. ಮರಿಗಳಿಗೆ ಇದು ಆರರಿಂದ ಎಂಟು ವಾರದಲ್ಲಿ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ ನಡೆಯುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಜಂತುಹುಳುವಿನ ಔಷಧಿ ಕೊಟ್ಟ ದಿನವನ್ನೂ ಬರೆದುಕೊಳ್ಳಿ.

ಬೆಳೆದ ನಾಯಿಗಾದರೆ ಸಂತಾನಶಕ್ತಿಹರಣ ಚಿಕಿತ್ಸೆ ಆಗಿದೆಯಾ ಕೇಳಿ. ಕಿವಿಯ ತುದಿಯಲ್ಲಿ ಸಣ್ಣ ಕತ್ತರಿ ಗುರುತಿದ್ದರೆ ಅದು ಗಾಯವಲ್ಲ, ಆಪರೇಷನ್ ಆಗಿದೆ ಅನ್ನುವ ಗುರುತು. ಮರಿ ತರುತ್ತಿದ್ದರೆ ವಯಸ್ಸಿಗೆ ಬಂದಾಗ ಆಪರೇಷನ್ ಮಾಡಿಸುತ್ತೇವೆ ಅಂತ ಶೆಲ್ಟರ್‌ನವರು ಬರೆಸಿಕೊಳ್ಳುತ್ತಾರೆ. ಇದನ್ನು ಮುಂದೂಡಬೇಡಿ. ಬೆದೆಗೆ ಬಂದ ಹೆಣ್ಣು ನಾಯಿ ಮನೆಯಲ್ಲಿದ್ದರೆ ಬೀದಿಯ ಗಂಡು ನಾಯಿಗಳೆಲ್ಲ ಗೇಟಿನ ಮುಂದೆ ಇರುತ್ತವೆ. ಆಪರೇಷನ್ ಆದರೆ ಗರ್ಭಕೋಶದ ಸೋಂಕಿನ ಭಯವೂ ಹೋಗುತ್ತದೆ.

ನಮ್ಮ ಕಡೆ ಇನ್ನೊಂದು ದೊಡ್ಡ ಕಾಟ ಟಿಕ್ ಫೀವರ್. ಉಣ್ಣೆ ಕಚ್ಚಿ ಹರಡುವ ಕಾಯಿಲೆ ಇದು. ಮೇಲೆ ನೋಡಿದರೆ ಚೆನ್ನಾಗಿರುವ ನಾಯಿಯ ರಕ್ತದಲ್ಲೂ ಇರಬಹುದು. ಶೆಲ್ಟರ್‌ನಲ್ಲಿ ಪರೀಕ್ಷೆ ಮಾಡಿಸಿಲ್ಲದಿದ್ದರೆ ಮನೆಗೆ ತಂದ ಎರಡು ಮೂರು ದಿನದಲ್ಲೇ ನೀವು ಮಾಡಿಸಿ.

6. ಅರ್ಜಿ, ಮನೆ ಪರಿಶೀಲನೆ, ಒಪ್ಪಂದ

ಅರ್ಜಿ ತುಂಬಿಸುತ್ತಾರೆ, ಗುರುತಿನ ಚೀಟಿ ಕೇಳುತ್ತಾರೆ, ಮನೆಗೆ ಬಂದು ಅಥವಾ ವಿಡಿಯೊ ಕಾಲ್‌ನಲ್ಲಿ ಜಾಗ ನೋಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಹಿಂದೆ ಹಾಗೇ ಕೊಟ್ಟ ನಾಯಿಯನ್ನು ಟೆರೇಸಿನಲ್ಲಿ ಚೈನು ಹಾಕಿ ಕಟ್ಟಿದ್ದನ್ನು ಅವರು ನೋಡಿರುತ್ತಾರೆ. ಒಪ್ಪಂದದಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಆಪರೇಷನ್ ಮಾಡಿಸಬೇಕು, ಇನ್ನೊಬ್ಬರಿಗೆ ಕೊಡಬಾರದು, ಸಾಕಲಾಗದಿದ್ದರೆ ಶೆಲ್ಟರ್‌ಗೇ ತಿಳಿಸಬೇಕು. ಓದಿ ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.

7. ಮನೆ ಸಿದ್ಧ ಮಾಡುವುದು

ನೆಲದ ಮೇಲೆ ಕೂತು ನಾಯಿಯ ಎತ್ತರದಿಂದ ಮನೆ ನೋಡಿ. ಗೇಟಿನ ಕೆಳಗಿನ ಸಂದು, ಬಾಲ್ಕನಿ ಗ್ರಿಲ್‌ನ ಅಂತರ, ಸಿಂಕ್ ಕೆಳಗಿನ ಫಿನಾಯಿಲ್, ಇಲಿ ಪಾಷಾಣ, ನೇತಾಡುವ ಚಾರ್ಜರ್ ವೈರು ಎಲ್ಲವೂ ಕಾಣುತ್ತವೆ. ಅಂಗಳದಲ್ಲಿ ಕಣಗಿಲೆ ಗಿಡವಿದ್ದರೆ ಬೇಲಿ ಹಾಕಿ, ಅದು ನಾಯಿಗೆ ವಿಷ.

ಕೊಳ್ಳಬೇಕಾದ ಸಾಮಾನು ಕಡಿಮೆ. ಎರಡು ಸ್ಟೀಲ್ ಬಟ್ಟಲು, ಹಾಸಿಗೆಗೆ ಹಳೆಯ ಕಂಬಳಿ, ಎದೆಗೆ ಹಾಕುವ ಹಾರ್ನೆಸ್, ಕುತ್ತಿಗೆ ಬೆಲ್ಟು, ಎರಡು ಲೀಶ್ (ಹಿಡಿದು ನಡೆಸುವ ಹಗ್ಗ). ಬೆಲ್ಟಿನಲ್ಲಿ ನಿಮ್ಮ ಫೋನ್ ನಂಬರ್ ಕೆತ್ತಿದ ಬಿಲ್ಲೆ ಇರಲಿ. ಮನೆಗೆ ಬರುವ ದಿನವೇ ಇರಲಿ, ಆಮೇಲೆ ಮಾಡಿಸೋಣ ಅನ್ನಬೇಡಿ. ಕಬ್ಬಿಣದ ಚೈನು ಬೇಡ.

8. ಕರೆತರುವ ದಿನ

ಮನೆಯಲ್ಲಿ ಯಾರಾದರೂ ಮೂರು ನಾಲ್ಕು ದಿನ ರಜೆ ಹಾಕಬಹುದಾದ ಸಮಯ ನೋಡಿ. ದೀಪಾವಳಿಗೆ ಮುಂಚಿನ ಎರಡು ಮೂರು ವಾರ ಬೇಡವೇ ಬೇಡ. ಹೊಸ ಜಾಗಕ್ಕೆ ಇನ್ನೂ ಹೊಂದಿಕೊಳ್ಳದ ನಾಯಿ ಪಟಾಕಿ ಸದ್ದಿಗೆ ಬೆದರಿ ಓಡಿದರೆ ಅದಕ್ಕೆ ವಾಪಸ್ ಬರಲು ದಾರಿಯೇ ಗೊತ್ತಿರುವುದಿಲ್ಲ.

ಕಾರಿನಲ್ಲಿ ಇಬ್ಬರಿರಲಿ. ವಾಂತಿ ಮಾಡಬಹುದು, ಹಾಗಾಗಿ ಹೊರಡುವ ಮೊದಲು ಹೊಟ್ಟೆ ತುಂಬಾ ಹಾಕಬೇಡಿ ಅಂತ ಶೆಲ್ಟರ್‌ನವರಿಗೆ ಹೇಳಿ.

ಹೊಸ ನಾಯಿ ಕಳೆದುಹೋಗುವುದು ಹೆಚ್ಚಾಗಿ ಈ ಮೊದಲ ದಿನಗಳಲ್ಲೇ. ಆಗುವುದು ಹೀಗೆ: ಕಾರಿನ ಬಾಗಿಲು ತೆರೆಯುತ್ತದೆ, ಹಿಂದಿನಿಂದ ಒಂದು ಆಟೋ ಹಾರ್ನ್ ಹೊಡೆಯುತ್ತದೆ. ನಾಯಿ ಹಿಂದಕ್ಕೆ ಜಗ್ಗುತ್ತದೆ. ಮುಂದಕ್ಕೆ ಎಳೆದರೆ ಬಿಗಿಯಾಗುವ ಬೆಲ್ಟು ಹಿಂದಕ್ಕೆ ಜಗ್ಗಿದಾಗ ಕಿವಿ ದಾಟಿ ಜಾರುತ್ತದೆ, ಖಾಲಿ ಬೆಲ್ಟು ಕೈಯಲ್ಲಿ ಉಳಿಯುತ್ತದೆ. ಇದಕ್ಕೇ ಎರಡು ಲೀಶ್ ಬೇಕು ಅಂದಿದ್ದು. ಒಂದು ಹಾರ್ನೆಸ್‌ಗೆ, ಒಂದು ಬೆಲ್ಟಿಗೆ. ಗೇಟು ಹಾಕಿದ ಮೇಲೆಯೇ ಕಾರಿನ ಬಾಗಿಲು ತೆರೆಯಿರಿ. ಅಪಾರ್ಟ್‌ಮೆಂಟ್ ಆದರೆ ಎರಡೂ ಲೀಶ್ ಮಣಿಕಟ್ಟಿಗೆ ಸುತ್ತಿಕೊಂಡೇ ಇಳಿಸಿ. ಡೆಲಿವರಿಯವರು ಬಂದಾಗ ಬಾಗಿಲು ತೆಗೆಯುವ ಮೊದಲು ನಾಯಿಯನ್ನು ರೂಮಿಗೆ ಕಳಿಸುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.

ಒಳಗೆ ಬಂದ ಮೇಲೆ ಇಡೀ ಮನೆ ತೋರಿಸುವ ಅಗತ್ಯವಿಲ್ಲ. ಒಂದು ರೂಮು ಸಾಕು. ನೀರು, ಕಂಬಳಿ ಇಟ್ಟು ಬಿಡಿ. ನೆಂಟರು, ಗೆಳೆಯರು ನೋಡಲು ಬರುವುದು ಎರಡು ವಾರದ ಮೇಲಾಗಲಿ.

9. ಮೂರು ದಿನ, ಮೂರು ವಾರ, ಮೂರು ತಿಂಗಳು

ರೆಸ್ಕ್ಯೂ ಕೆಲಸದವರು ಹೇಳುವ ಲೆಕ್ಕ ಇದು. ಮೊದಲ ಮೂರು ದಿನ ಭಯ, ಗೊಂದಲ. ಮೂರು ವಾರದಲ್ಲಿ ಮನೆಯ ದಿನಚರಿ ಅರ್ಥವಾಗುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನುವ ನಂಬಿಕೆ ಬರುತ್ತದೆ. ಕೆಲವಕ್ಕೆ ಬೇಗ, ಕೆಲವಕ್ಕೆ ಇನ್ನೂ ತಡ.

ಮೊದಲ ದಿನಗಳಲ್ಲಿ ಊಟ ಬಿಡಬಹುದು, ಮಂಚದ ಕೆಳಗೆ ಸೇರಿಕೊಳ್ಳಬಹುದು. ಎಳೆದು ಹೊರತೆಗೆಯಬೇಡಿ. ಅದೇ ರೂಮಿನಲ್ಲಿ ಪೇಪರ್ ಓದುತ್ತಾ, ಫೋನು ನೋಡುತ್ತಾ ಸುಮ್ನೆ ಕೂತಿರಿ. ಒಂದು ದಿನಕ್ಕಿಂತ ಹೆಚ್ಚು ಏನೂ ತಿನ್ನದಿದ್ದರೆ, ಅಥವಾ ವಾಂತಿ ಭೇದಿ ಇದ್ದರೆ ಡಾಕ್ಟರಿಗೆ ತೋರಿಸಿ.

ಎರಡನೇ ಮೂರನೇ ವಾರದಲ್ಲಿ ಅನೇಕರು ಶೆಲ್ಟರ್‌ಗೆ ಫೋನ್ ಮಾಡುತ್ತಾರೆ. ‘ಮೊದಲು ಸಾಧುವಾಗಿತ್ತು, ಈಗ ಬೊಗಳುತ್ತೆ, ಬಟ್ಟೆ ಎಳೆಯುತ್ತೆ.’ ಭಯ ಕಡಿಮೆಯಾಗಿ ನಿಜವಾದ ಸ್ವಭಾವ ಹೊರಬರುವ ಹೊತ್ತು ಅದು. ಹೊಡೆಯಬೇಡಿ, ಪೇಪರ್ ಸುತ್ತಿ ಮೂತಿಗೆ ಬಡಿಯಬೇಡಿ. ಸರಿ ಮಾಡಿದಾಗ ಚೂರು ಕೋಳಿ ಮಾಂಸ ಅಥವಾ ಪನೀರ್ ಕೊಡಿ, ತಪ್ಪು ಮಾಡುವ ಅವಕಾಶವನ್ನೇ ಕಡಿಮೆ ಮಾಡಿ. ಊಟ ಮಾಡುವಾಗ, ನಿದ್ದೆಯಲ್ಲಿರುವಾಗ ಮುಟ್ಟಬಾರದು ಅನ್ನುವುದನ್ನು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿ. ಚಿಕ್ಕ ಮಕ್ಕಳನ್ನೂ ನಾಯಿಯನ್ನೂ ದೊಡ್ಡವರಿಲ್ಲದೆ ಒಂದೇ ರೂಮಿನಲ್ಲಿ ಬಿಡಬೇಡಿ.

ಹೊರಗೆ ಹೋಗುವ ಅಭ್ಯಾಸಕ್ಕೆ ಸಮಯ ಗೊತ್ತುಮಾಡಿ: ಎದ್ದ ಕೂಡಲೇ, ಊಟ ಆದ ಮೇಲೆ, ಮಲಗುವ ಮೊದಲು. ಒಳಗೆ ಉಚ್ಚೆ ಮಾಡಿದರೆ ಬೈಯದೆ ಒರೆಸಿ. ಬೈದರೆ ಅದು ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಮಾಡುವುದನ್ನು.

ಒಂಟಿಯಾಗಿರುವುದನ್ನೂ ಕಲಿಸಬೇಕು. ರಜೆ ಮುಗಿದ ದಿನ ಒಮ್ಮೆಲೇ ಒಂಬತ್ತು ಗಂಟೆ ಬಿಟ್ಟುಹೋದರೆ ಬಾಗಿಲು ಕೆರೆದು ಹಾಕುತ್ತದೆ. ಮೊದಲ ವಾರದಿಂದಲೇ ಎರಡು ನಿಮಿಷ, ಐದು ನಿಮಿಷ, ಅರ್ಧ ಗಂಟೆ ಅಂತ ಹೊರಗೆ ಹೋಗಿ ಬನ್ನಿ. ಹೋಗುವಾಗ ಬರುವಾಗ ದೊಡ್ಡ ಸಡಗರ ಬೇಡ.

ವಾಕ್‌ನಲ್ಲಿ ಬೀದಿಯ ನಾಯಿಗಳು ಸುತ್ತುವರಿದರೆ ಓಡಬೇಡಿ. ನಿಮ್ಮ ನಾಯಿಯನ್ನು ಹಿಂದೆ ಸರಿಸಿಕೊಂಡು ನಿಧಾನವಾಗಿ ನಡೆಯಿರಿ. ಕೆಲವು ದಿನ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಹೋದರೆ ಅವು ಗುರುತು ಹಿಡಿಯುತ್ತವೆ. ಮನೆಯಲ್ಲಿ ಮೊದಲೇ ನಾಯಿಯಿದ್ದರೆ ಎರಡರ ಮೊದಲ ಭೇಟಿ ಮನೆಯೊಳಗೆ ಬೇಡ. ಹೊರಗೆ, ದೂರದಲ್ಲಿ, ಒಂದೇ ದಿಕ್ಕಿಗೆ ನಡೆಸುತ್ತಾ ಹತ್ತಿರ ತನ್ನಿ.

10. ಊಟ

ಶೆಲ್ಟರ್‌ನಲ್ಲಿ ಕೊಡುತ್ತಿದ್ದುದನ್ನೇ ಮೊದಲ ವಾರ ಕೊಡಿ, ಆಮೇಲೆ ನಿಧಾನವಾಗಿ ಬದಲಿಸಿ. ರಾಗಿ ಮುದ್ದೆ ಹಾಲು, ಮೊಸರನ್ನ ನಮ್ಮ ಕಡೆಯ ರೂಢಿ. ಮೊಸರನ್ನ ಕೊಡಬಹುದು, ಆದರೆ ಅದೊಂದೇ ಸಾಲದು, ನಾಯಿಗೆ ಮಾಂಸ, ಮೊಟ್ಟೆಯೂ ಬೇಕು. ಬೆಳೆದ ನಾಯಿಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗುವುದಿಲ್ಲ. ನಾವು ತಿಂದು ಉಳಿದ ಸಾರು, ಹುಳಿ, ಪಲಾವ್ ಹಾಕಬೇಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷ. ಪ್ರಸಾದದ ಪಾಯಸ, ಸಜ್ಜಿಗೆಯಲ್ಲಿ ಒಣದ್ರಾಕ್ಷಿ ಇರುತ್ತದೆ ಅನ್ನುವುದು ನೆನಪಿರಲಿ. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ.

11. ಡಾಕ್ಟರಿಗೆ ಯಾವಾಗ ಓಡಬೇಕು

ಮರಿ ಊಟ ಬಿಟ್ಟು, ವಾಂತಿ ಮಾಡಿ, ರಕ್ತ ಬೆರೆತ ನಾರುವ ಭೇದಿ ಮಾಡಿದರೆ ಪಾರ್ವೊ ಇರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಹೋಗಿ. ಜ್ವರ, ಮಂಕು, ವಸಡು ಬಿಳಚಿಕೊಳ್ಳುವುದು, ಮೂಗಿನಲ್ಲಿ ರಕ್ತ ಕಂಡರೆ ಟಿಕ್ ಫೀವರ್ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಹೆಚ್ಚಾಗಿ ಗುಣವಾಗುತ್ತದೆ. ದಿನಾ ಸಂಜೆ ಕಿವಿಯ ಒಳಗೆ, ಬೆರಳ ಸಂದಿನಲ್ಲಿ, ಕಂಕುಳಲ್ಲಿ ಕೈಯಾಡಿಸಿ ಉಣ್ಣೆ ಹುಡುಕಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೇರೆಡೆ ಸರ್ಕಾರಿ ಪಶು ಆಸ್ಪತ್ರೆಗಳಿವೆ. ರಾತ್ರಿ ತೆರೆದಿರುವ ಹತ್ತಿರದ ಕ್ಲಿನಿಕ್ ಯಾವುದು ಅಂತ ನಾಯಿ ಬರುವ ಮೊದಲೇ ತಿಳಿದಿಡಿ.

ನಿಮಗೆ ಕಚ್ಚಿದರೆ, ಪರಚಿ ರಕ್ತ ಬಂದರೆ, ನಾಯಿಗೆ ಲಸಿಕೆ ಆಗಿದೆ ಅಂತ ಸುಮ್ಮನಿರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ತಪ್ಪಿಸಬೇಡಿ. ಪಾಲಿಕೆಯ ಲೈಸೆನ್ಸ್ ಮಾಡಿಸುವಾಗಲೂ ಈ ಲಸಿಕೆ ಪುಸ್ತಕ ಬೇಕಾಗುತ್ತದೆ.

12. ಹೊಂದಿಕೆ ಆಗದಿದ್ದರೆ

ಕೆಲವು ಸಲ ಎಷ್ಟು ಪ್ರಯತ್ನಪಟ್ಟರೂ ಆಗುವುದಿಲ್ಲ. ಮಗುವಿಗೆ ತೀವ್ರ ಅಲರ್ಜಿ ಬರಬಹುದು, ಎರಡು ನಾಯಿಗಳು ರಕ್ತ ಬರುವಂತೆ ಕಚ್ಚಾಡಬಹುದು. ಮೊದಲು ಶೆಲ್ಟರ್‌ಗೆ ಫೋನ್ ಮಾಡಿ, ತರಬೇತಿ ಕೊಡುವವರನ್ನು ಕರೆಸಿ ನೋಡಿ. ಅದೂ ಆಗದಿದ್ದರೆ ನಾಯಿಯನ್ನು ಶೆಲ್ಟರ್‌ಗೇ ಒಪ್ಪಿಸಿ. ನಾಚಿಕೆಪಟ್ಟು ಯಾವುದೋ ಲೇಔಟಿನಲ್ಲಿ, ದೇವಸ್ಥಾನದ ಹತ್ತಿರ ಬಿಟ್ಟುಬರಬೇಡಿ. ಸಾಕಿದ ಪ್ರಾಣಿಯನ್ನು ಹಸಿವು, ದಾಹಕ್ಕೆ ಒಡ್ಡುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಬೀದಿಯ ನಾಯಿಗಳು ಹೊಸಬನನ್ನು ಸೇರಿಸಿಕೊಳ್ಳುವುದಿಲ್ಲ.

ಒಪ್ಪಿಸುವಾಗ ನಿಮ್ಮ ಮನೆಯಲ್ಲಿ ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ. ಏನು ತಿನ್ನುತ್ತಿತ್ತು, ಯಾವುದಕ್ಕೆ ಹೆದರುತ್ತಿತ್ತು, ಯಾರ ಜೊತೆ ಚೆನ್ನಾಗಿತ್ತು, ಎಲ್ಲಿ ಮಲಗುತ್ತಿತ್ತು, ಗುರ್ ಅಂದಿದ್ದು ಯಾವಾಗ. ಶೆಲ್ಟರ್‌ನ ಬೋನಿನಲ್ಲಿ ಗೊತ್ತಾಗದ ಇಷ್ಟು ವಿಷಯ ಕೈಯಲ್ಲಿದ್ದರೆ ಅದಕ್ಕೆ ಸರಿಹೊಂದುವ ಮುಂದಿನ ಮನೆ ಹುಡುಕುವುದು ಅವರಿಗೆ ಸುಲಭವಾಗುತ್ತದೆ.